ಬೋಕಿ ಮೇಷ್ಟ್ರು ಹೂಳದ ಮಡಕೆ

ಚೆನ್ನಯ್ಯ ಹುಟ್ಟಿದ್ದು ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿಯ ಹೊರಕೇರಿಯಲ್ಲಿ. ಅವನ ಅಪ್ಪ ದ್ಯಾವಯ್ಯ ಊರಿಗೆಲ್ಲ ಗುಂಡಿ ತೋಡುವವನು. ಯಾರ ಮನೆಯಲ್ಲಿ ಸಾವಾದರೂ ನೆಂಟರಿಗಿಂತ ಮೊದಲು ಅವನಿಗೆ ಕರೆ ಬರುತ್ತಿತ್ತು. ಅವನು ಹಾರೆ, ಸನಿಕೆ ಹೊತ್ತು ಹೊರಟರೆ ಹುಡುಗ ಚೆನ್ನಯ್ಯ ನೀರಿನ ಚೊಂಬು ಹಿಡಿದು ಹಿಂದೆ ಹೋಗುತ್ತಿದ್ದ.

ಒಂದು ಸಲ ದ್ಯಾವಯ್ಯ ಮಂಡಿಯಾಳ ತೋಡಿದವನು ತಟ್ಟನೆ ಕೈ ನಿಲ್ಲಿಸಿ ಮಣ್ಣನ್ನು ಮುಟ್ಟಿ ನೋಡಿದ. ಸುತ್ತಲಿನ ಮಣ್ಣು ಕೆಂಪಗೆ ಗಟ್ಟಿಯಾಗಿತ್ತು. ಅವನ ಕೈಯಲ್ಲಿದ್ದದ್ದು ಕಂದು, ಸಡಿಲ. ಗುಂಡಿಯಿಂದ ಮೇಲೆ ಬಂದು ತೋಡಿದ್ದನ್ನು ಮುಚ್ಚತೊಡಗಿದ. ಮಗ ಯಾಕೆಂದು ಕೇಳಿದ.

"ಬ್ಯಾಡ ಕಣ್ ಮಗಾ. ಇಲ್ಲಿ ಆಗ್ಲೇ ಯಾರೋ ಮಲಗವ್ರೆ."

"ಯಾರಪ್ಪಾ?"

"ನಂಗೇನ್ ಗೊತ್ತು? ನಮ್ಗಿಂತ ಮುಂದ್ಲೋರು."

ಮುಂದಲವರು ಎಂದರೆ ಎಷ್ಟು ಮುಂದೆ ಎಂದು ಹುಡುಗ ದಾರಿಯುದ್ದಕ್ಕೂ ಕೇಳಿದ. ಅಜ್ಜನಿಗಿಂತ ಮುಂದೆಯೇ, ಅಜ್ಜನ ಅಜ್ಜನಿಗಿಂತ ಮುಂದೆಯೇ, ಊರು ಹುಟ್ಟುವುದಕ್ಕಿಂತ ಮುಂದೆಯೇ? ದ್ಯಾವಯ್ಯ ಒಮ್ಮೆಯೂ ಗದರಲಿಲ್ಲ.

ಚೆನ್ನಯ್ಯ ಓದಿನಲ್ಲಿ ಚುರುಕು. ಹಾಸನದ ಹಾಸ್ಟೆಲಿನಲ್ಲಿ ಇದ್ದುಕೊಂಡು ಮೆಟ್ರಿಕ್ ಮಾಡಿದ. ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಹಾಸ್ಟೆಲಿನ ಗೆಳೆಯನೊಬ್ಬ ಅವನನ್ನು ಚಿತ್ರದುರ್ಗದ ಸೀಮೆಗೆ ಕೂಲಿಗೆ ಕರೆದೊಯ್ದ. ಬಯಲಿನಲ್ಲಿ ಸರ್ಕಾರದವರು ನೆಲ ಅಗೆಸುತ್ತಿದ್ದರು. ಮಣ್ಣು ತುಂಬಿದ ಮಂಕರಿ ಹೊತ್ತು ದೂರ ಸುರಿಯುವುದು ಚೆನ್ನಯ್ಯನ ಕೆಲಸ. ಅಪ್ಪನ ಕಸುಬು ತಪ್ಪಿಸಿಕೊಳ್ಳಲೆಂದೇ ಓದಿದ ತಾನು ಇಲ್ಲಿಯೂ ಗುಂಡಿಯ ದಂಡೆಯಲ್ಲೇ ನಿಂತೆನಲ್ಲ ಎಂದು ಮೊದಮೊದಲು ಬೇಸರವಾಯಿತು. ಆಮೇಲೆ ಒಂದು ಬೆಳಿಗ್ಗೆ, ಉರುಟುಗಲ್ಲುಗಳ ದೊಡ್ಡ ಬಳೆಯಂಥ ವೃತ್ತದ ನಡುವೆ, ಚಪ್ಪಡಿ ಸರಿಸಿದಾಗ ಒಳಗಿದ್ದವನನ್ನು ಅವನು ನೋಡಿದ. ಮೂಳೆಗಳ ಪಕ್ಕದಲ್ಲಿ ತುಕ್ಕು ಹಿಡಿದ ಕಬ್ಬಿಣದ ಕತ್ತಿ. ಕಾಲ ಬಳಿ ಜೋಡಿಸಿಟ್ಟ ಮಡಕೆಗಳು, ಕಂಠದತ್ತ ಕಪ್ಪು, ತಳದತ್ತ ಕೆಂಪು, ಮೊನ್ನೆ ತಿಕ್ಕಿ ತೊಳೆದಿಟ್ಟಂಥ ಹೊಳಪು. ಇವನು ಸತ್ತು ಎರಡು ಸಾವಿರ ವರ್ಷದ ಮೇಲಾಯಿತು ಎಂದು ಅಲ್ಲಿನ ಅಧಿಕಾರಿ ಎಲ್ಲರಿಗೂ ಕೇಳುವಂತೆ ಹೇಳಿದರು. ಮುಂದಲವರು ಎಂದರೆ ಇಷ್ಟು ಮುಂದೆ ಎಂದು ಚೆನ್ನಯ್ಯನಿಗೆ ಅವತ್ತು ತಿಳಿಯಿತು. ತಲೆಯ ಮೇಲೆ ಮಂಕರಿ ಇದ್ದದ್ದನ್ನೇ ಮರೆತು ನಿಂತಿದ್ದನಂತೆ. ಹಿಂದಿನವನು ತಿವಿದ ಮೇಲೆಯೇ ಹೆಜ್ಜೆ ಇಟ್ಟದ್ದು.

ಟ್ರೈನಿಂಗ್ ಮುಗಿಸಿ ಅಲ್ಲಿ ಇಲ್ಲಿ ಕೆಲಸ ಮಾಡಿ, ೧೯೫೭ರಲ್ಲಿ ಚೆನ್ನಯ್ಯ ಮೇಷ್ಟ್ರು ಹೊಳೆನರಸೀಪುರ ತಾಲ್ಲೂಕಿನ ಕಲ್ಲುಕೊಪ್ಪಲಿನ ಮಿಡ್ಲ್ ಸ್ಕೂಲಿಗೆ ಬಂದರು. ಹಳ್ಳಿಮೈಸೂರಿನಲ್ಲಿ ಬಸ್ಸಿಳಿದು ರಾಗಿ ಹೊಲಗಳ ಬದುವಿನ ಮೇಲೆ ನಡೆದು ಹೋಗಬೇಕಾದ ಊರು. ಊರಿನವರು ಮರ್ಯಾದೆಯಿಂದಲೇ ಮಾತಾಡಿಸುತ್ತಿದ್ದರು. ಆದರೆ ಶಾಲೆಯ ನೀರಿನ ಹಂಡೆಯ ಪಕ್ಕದಲ್ಲಿ ಅವರದೇ ಒಂದು ಬೇರೆ ಹೂಜಿ ಬಂದು ಕುಳಿತಿತ್ತು. ಅವರು ಅದರಿಂದಲೇ ಕುಡಿಯತೊಡಗಿದರು.

ಅವರು ಪಾಠ ಹೇಳುತ್ತಿದ್ದುದು ಚರಿತ್ರೆ. ಪುಸ್ತಕದಲ್ಲಿ ರಾಜರ ಹೆಸರು, ಯುದ್ಧದ ಇಸವಿ. ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದರು. ಒಪ್ಪಿಸಿದ ಮೇಲೆ ಅವರ ಮುಖದಲ್ಲಿ ಏನೂ ಉಳಿಯುತ್ತಿರಲಿಲ್ಲ. ಬಿಡುವಿನಲ್ಲಿ ಅದೇ ಮಕ್ಕಳು ಶಾಲೆಯ ಹಿಂದಿನ ದಿಬ್ಬದಲ್ಲಿ ಬೋಕಿ, ಎಂದರೆ ಒಡೆದ ಮಡಕೆಯ ಚೂರು, ಆಯ್ದು ತಂದು ಕುಂಟಾಬಿಲ್ಲೆ ಆಡುತ್ತಿದ್ದರು. ಒಂದು ದಿನ ಮೇಷ್ಟ್ರು ಅಂಥ ಒಂದು ಬಿಲ್ಲೆಯನ್ನು ಎತ್ತಿ ನೋಡಿದರು. ಒಳಗೆ ಕಪ್ಪು, ಹೊರಗೆ ಕೆಂಪು. ಅದನ್ನು ಪಂಚೆಯ ಅಂಚಿನಿಂದ ಒರೆಸಿ ಜೇಬಿಗೆ ಹಾಕಿಕೊಂಡರು. ಮರುದಿನದಿಂದ ಹುಡುಗರಿಗೆ ಹೆಂಚಿನ ಬಿಲ್ಲೆ ತಂದುಕೊಟ್ಟು ಬೋಕಿಗಳನ್ನು ತಾವು ಇಸಿದುಕೊಳ್ಳತೊಡಗಿದರು. ಬೋಕಿ ಮೇಷ್ಟ್ರು ಎಂಬ ಹೆಸರು ಹುಟ್ಟಿದ್ದು ಆಗ.

ಆ ಕಾಲದಲ್ಲಿ ಶಾಲೆಗಳಲ್ಲಿ ಕೈಕೆಲಸದ ಪೀರಿಯಡ್ಡು ಇರುತ್ತಿತ್ತು. ಬೇರೆ ಕಡೆ ತಕಲಿ ನೂಲುತ್ತಿದ್ದರು, ತರಕಾರಿ ಬೆಳೆಯುತ್ತಿದ್ದರು. ಚರಿತ್ರೆಯೂ ಒಂದು ಕೈಕೆಲಸವಾಗಬಾರದೇಕೆ ಎಂದು ಚೆನ್ನಯ್ಯ ಮೇಷ್ಟ್ರಿಗೆ ಹೊಳೆಯಿತು. ಬೇಸಿಗೆ ರಜೆಯಲ್ಲಿ ಊರಿಗೆ ಹೋಗದೆ ಶಾಲೆಯ ಹಿತ್ತಲಿನ ಮೂಲೆಯಲ್ಲಿ ಸೊಂಟದಾಳದ ಒಂದು ಗುಂಡಿ ತೋಡಿದರು. ಓದಿ ಮೇಷ್ಟ್ರಾದ ಮೇಲೆ ಅವರು ಹಾರೆ ಹಿಡಿದದ್ದು ಅದೇ ಮೊದಲು. ತಳದಲ್ಲಿ, ಹಳೆಯ ಕಾಲದ ಕಲ್ಲಿನ ಆಯುಧಗಳ ಹಾಗೆ, ಚಕ್ಕೆ ಎಬ್ಬಿಸಿದ ಬೆಣಚುಕಲ್ಲುಗಳನ್ನು ಹರಡಿ ಮಣ್ಣು ಮುಚ್ಚಿದರು. ಅದರ ಮೇಲೆ ಬೂದಿ, ಇದ್ದಿಲು, ಕುಂಬಾರರ ಮನೆಯಿಂದ ತಂದ ಒಡಕು ಗಡಿಗೆ, ಮತ್ತೆ ಮಣ್ಣು. ಆಮೇಲೆ ಗಾಜಿನ ಬಳೆಚೂರು, ಹೆಂಚಿನ ತುಂಡು. ಎಲ್ಲಕ್ಕಿಂತ ಮೇಲೆ ಮಹಾರಾಜರ ಕಾಲದ ಒಂದೆರಡು ತಾಮ್ರದ ಕಾಸು. ನೀರು ಹೊಯ್ದು ತುಳಿದು, ಒಂದು ಮಳೆಗಾಲ ಹಾಗೆಯೇ ಬಿಟ್ಟರು. ಮೇಲೆ ಗರಿಕೆ ಬೆಳೆಯಿತು.

ದಸರಾ ರಜೆ ಮುಗಿದು ನೆಲ ಒಣಗಿದ ಮೇಲೆ ಮಕ್ಕಳ ಅಗೆತದ ಶಿಬಿರ ಶುರುವಾಯಿತು. ಮಕ್ಕಳಿಗೆ ಸುಳ್ಳು ಹೇಳಬಾರದೆಂದು, ಇದರೊಳಗೆ ಇರುವುದೆಲ್ಲ ತಾವೇ ಹೂತದ್ದು, ಆದರೆ ಏನು ಹೂತದ್ದೆಂದು ಹೇಳುವುದಿಲ್ಲ ಎಂದರು. ಗೂಟ ಹೊಡೆದು ದಾರ ಕಟ್ಟಿ ನೆಲವನ್ನು ಚೌಕಗಳಾಗಿ ಮಾಡಿ ಒಂದೊಂದು ಚೌಕಕ್ಕೆ ಇಬ್ಬರಂತೆ ಕೂರಿಸಿದರು. ಕಳೆ ಕೀಳುವ ಕುರ್ಪಿ, ತೆಂಗಿನ ಚಿಪ್ಪು, ಸುಣ್ಣ ಬಳಿಯುವ ಹಳೆಯ ಬ್ರಷ್ಷು, ಮನೆಯಿಂದ ತಂದ ಹಿಟ್ಟು ಸೋಸುವ ಒಂದರಿ, ಇವೇ ಹತಾರಗಳು. ಕಂಡದ್ದನ್ನು ಕೀಳಬಾರದು, ಸುತ್ತ ಮಣ್ಣು ಬಿಡಿಸಿ ಅದು ಇದ್ದಲ್ಲೇ ಇರುವಾಗ ಚಿತ್ರ ಬರೆಯಬೇಕು, ಮೇಲಿನ ಮಣ್ಣಿನದು ಈಚಿನದು, ಕೆಳಗಿನದು ಹಿಂದಿನದು. ನಿಯಮ ಇಷ್ಟೇ.

ದನ ಕಾಯುವಾಗಲೂ ಒಂದು ಕಡೆ ಕೂರದ ಹುಡುಗರು ಮೊಣಕಾಲೂರಿ ಉಸಿರು ಬಿಗಿಹಿಡಿದು ಬಳೆಚೂರಿನ ಸುತ್ತ ಮಣ್ಣು ಊದುವುದನ್ನು ನೋಡಿ ಹೆಡ್‌ಮೇಷ್ಟ್ರೇ ಬೆರಗಾದರು. ಪಟೇಲರ ಮೊಮ್ಮಗ ಪಾಲಾಕ್ಷ ಇದ್ದಿಲಿನ ತುಂಡು ಸಿಕ್ಕಾಗ, ಇಲ್ಲಿ ಯಾರೋ ಅಡುಗೆ ಮಾಡಿದ್ದರು ಎಂದು ತಾನಾಗಿಯೇ ಹೇಳಿದ. ರಾಜರ ಇಸವಿ ಒಪ್ಪಿಸುವಾಗ ಇಲ್ಲದ ಬೆಳಕು ಆ ಮುಖದಲ್ಲಿತ್ತು.

ಸಣ್ಣಕ್ಕ ಎಂಬ ಹುಡುಗಿಯದು ಮೂಲೆಯ ಚೌಕ. ಅವಳು ಕುಂಬಾರರ ಮನೆಯವಳು, ಮಾತು ಕಡಿಮೆ. ಬೆಣಚುಕಲ್ಲಿನ ಚಕ್ಕೆಗಳು ಸಿಕ್ಕಿ ಎಲ್ಲರೂ ಇನ್ನು ಮುಗಿಯಿತೆಂದು ಕೈ ತೊಳೆಯಲು ಎದ್ದಾಗಲೂ ಅವಳು ಬ್ರಷ್ಷು ಆಡಿಸುತ್ತಲೇ ಇದ್ದಳು. ಆಮೇಲೆ ಮೇಷ್ಟ್ರನ್ನು ಕರೆದಳು.

"ಸಾ, ಇದು ಮುಗಿಯಂಗಿಲ್ಲ ಸಾ. ಕೆಳೀಕೆ ಓಯ್ತಾನೇ ಅದೆ."

ಮೇಷ್ಟ್ರು ಬಗ್ಗಿದರು. ಚಕ್ಕೆಗಳ ಕೆಳಗೆ, ತಾವು ತೋಡಿ ನಿಲ್ಲಿಸಿದ್ದ ಗಟ್ಟಿ ನೆಲ ಇರಬೇಕಾದ ಕಡೆ, ಒಂದು ಬಾಗಿದ ಅಂಚು ಕಾಣುತ್ತಿತ್ತು. ತಾವು ಹಾಕಿದ ಗಡಿಗೆಯೇ ಕುಸಿದು ಕೆಳಗಿಳಿದಿದೆ ಎಂದುಕೊಂಡರು. ಆದರೆ ತಾವು ಹಾಕಿದ್ದು ಪೂರಾ ಕೆಂಪು ಗಡಿಗೆ. ಇದರ ಅಂಚು ಕಪ್ಪು. ಅವರು ಗುಂಡಿಗೆ ಇಳಿದು ಅಂಚಿನ ಸುತ್ತಲಿನ ಮಣ್ಣನ್ನು ಬೆರಳಲ್ಲಿ ಹಿಸುಕಿದರು. ಕಂದು, ಸಡಿಲ. ಆ ಕಂದು ಮಣ್ಣಿನ ಅಂಚು ಅವರ ಗುಂಡಿಯ ಗೋಡೆಯೊಳಕ್ಕೆ ಗೆರೆ ಕೊಯ್ದ ಹಾಗೆ ಹೊರಟಿತ್ತು.

ಅವರು ಆ ಮಣ್ಣನ್ನು ಹಿಡಿದೇ ಎದ್ದರು. ಎದ್ದಾಗ ದನಿ ಎಂದಿನಂತಿರಲಿಲ್ಲ ಎಂದು ಪಾಲಾಕ್ಷ ಮುಂದೆ ಎಷ್ಟೋ ವರ್ಷ ಹೇಳುತ್ತಿದ್ದ.

"ಯಾರೂ ಮುಟ್ಟಬೇಡಿ. ಇದು ನಾನು ಹೂತದ್ದಲ್ಲ."

ಮಕ್ಕಳು ಒಬ್ಬರನ್ನೊಬ್ಬರು ನೋಡಿಕೊಂಡರು. ಇಷ್ಟು ದಿನ ಆಟವಾಗಿದ್ದ ಗುಂಡಿಯ ದಂಡೆಯಿಂದ ಒಬ್ಬೊಬ್ಬರೇ ಹಿಂದೆ ಸರಿದು, ಗುಡಿಯಲ್ಲಿ ನಿಲ್ಲುವ ಹಾಗೆ ನಿಂತರು.

ಮೇಷ್ಟ್ರು ಅವತ್ತೇ ಮೈಸೂರಿನ ಪುರಾತತ್ವ ಇಲಾಖೆಗೆ ಸುದ್ದಿ ಕಳಿಸಿದರು. ಊರಿನ ಬಾಯಿಗೆ ಸುದ್ದಿ ಅದಕ್ಕಿಂತ ಬೇಗ ತಲುಪಿತು. ಸ್ಕೂಲಿನ ಹಿತ್ತಲಲ್ಲಿ ಹೊನ್ನಿನ ಕೊಪ್ಪರಿಗೆ ಸಿಕ್ಕಿದೆ ಎಂದು ಹೊಲದಲ್ಲಿದ್ದವರೂ ಕೆಲಸ ಬಿಟ್ಟು ಬಂದರು. ಪಟೇಲ ನಂಜಪ್ಪನವರು ಬಂದು ಇಣುಕಿ, ಹೊನ್ನಿದ್ದರೆ ಸರ್ಕಾರಕ್ಕೋ ಊರಿಗೋ ಎಂದು ಅರ್ಧ ತಮಾಷೆಯಾಗಿ ಕೇಳಿ ಹೋದರು. ಮೇಷ್ಟ್ರು ದಿನವಿಡೀ ಗುಂಡಿಯ ಬಳಿಯೇ ಕುಳಿತರು. ಅಧಿಕಾರಿಗಳು ಬರುವ ಲಕ್ಷಣ ಕಾಣಲಿಲ್ಲ. ಆಕಾಶದಲ್ಲಿ ಮೋಡ ಕಟ್ಟತೊಡಗಿತು. ಮಳೆ ಬಿದ್ದರೆ ಗುಂಡಿ ಕುಸಿದು ಮಡಕೆ ಚೂರಾಗಬಹುದು ಎಂದು ಹೆದರಿ, ಚಿತ್ರದುರ್ಗದಲ್ಲಿ ಕಂಡ ರೀತಿಯನ್ನು ನೆನಪಿಸಿಕೊಂಡು, ಮಕ್ಕಳ ಜೊತೆ ಅಂಗುಲ ಅಂಗುಲವಾಗಿ ಮಣ್ಣು ಬಿಡಿಸಿದರು.

ಅದು ಅಡ್ಡ ಮಲಗಿಸಿದ ದೊಡ್ಡ ಗುಡಾಣ, ಕಾಳು ತುಂಬಿಡುವಂಥದ್ದು. ಮಣ್ಣಿನ ಭಾರಕ್ಕೆ ಮೇಲಿನ ಪಾರ್ಶ್ವ ಒಡೆದು ಒಳಕ್ಕೆ ಕುಸಿದಿತ್ತು. ಚೂರುಗಳ ನಡುವೆ ತೆಳ್ಳಗಿನ ಮೂಳೆಗಳು. ಸಣ್ಣಕ್ಕ ಕೋಳಿಯ ಪುಕ್ಕದಿಂದ ಮಣ್ಣು ಸರಿಸುತ್ತಿದ್ದವಳು ಪುಕ್ಕವನ್ನು ಕೆಳಗಿಟ್ಟಳು. ತಲೆಬುರುಡೆ ಸಣ್ಣ ತೆಂಗಿನ ಚಿಪ್ಪಿನಷ್ಟೇ ಇತ್ತು. ಕತ್ತಿನ ಕಡೆ ಕೆಂಪು ಕಲ್ಲಿನ ಕೆಲವು ಮಣಿಗಳು ಬಿದ್ದಿದ್ದವು. ದಾರ ಎಂದೋ ಮಣ್ಣಾಗಿದ್ದರೂ ಮಣಿಗಳು ಸಾಲು ಬಿಟ್ಟಿರಲಿಲ್ಲ. ತಲೆಯ ಪಕ್ಕದಲ್ಲಿ ಅಂಗೈಯಲ್ಲಿ ಹಿಡಿಯುವಂಥ ಒಂದು ಬಟ್ಟಲು.

"ಮಗು ಸಾ," ಎಂದಳು ಸಣ್ಣಕ್ಕ.

ಕೊಪ್ಪರಿಗೆಯ ಆಸೆ ಅವತ್ತಿಗೆ ಮುಗಿದು ಭಯ ಶುರುವಾಯಿತು. ಒಂದಿಬ್ಬರು ಹುಡುಗರಿಗೆ ಜ್ವರ ಬಂತು. ತಾಯಂದಿರು ಮಕ್ಕಳನ್ನು ಶಾಲೆಗೆ ಕಳಿಸಲಿಲ್ಲ. ನಂಜಪ್ಪನವರು ಊರಿನ ನಾಲ್ಕು ಜನರೊಂದಿಗೆ ಬಂದು ಹಿತ್ತಲಿನ ಬೇಲಿಯಾಚೆಯೇ ನಿಂತರು.

"ಸ್ಕೂಲ್ ಒಳಗೆ ಹೆಣದ ಗುಂಡಿ ಇಕ್ಕಂಡು ಮಕ್ಳಿಗೆ ಪಾಠ ಹೇಳ್ತೀಯಾ? ಸಂಜೆ ಒಳಗೆ ಮುಚ್ಚುಸ್ಬುಡು. ಓದಿ ಮೇಷ್ಟ್ರಾದ್ರೂ ಅಪ್ಪನ ಕಸುಬು ಬುಡ್ಲಿಲ್ವಲ್ಲಯ್ಯಾ ನೀನು."

ಅಲ್ಲಿಯವರೆಗೆ ಅವರು ಮೇಷ್ಟ್ರನ್ನು ಏಕವಚನದಲ್ಲಿ ಕರೆದವರಲ್ಲ. ಚೆನ್ನಯ್ಯ ಮೇಷ್ಟ್ರು ಗುಂಡಿಯಿಂದ ಮೇಲೆ ಬರದೆ ನಿಂತಲ್ಲಿಂದಲೇ ಹೇಳಿದರು.

"ಬುಡ್ಲಿಲ್ಲ ಪಟೇಲ್ರೇ. ನಮ್ಮಪ್ಪ ಸತ್ತೋರನ್ನ ಮಲಗುಸ್ತಾರೆ. ನಾನು ಯಾರು ಮಲಗವ್ರೆ ಅಂತ ಕೇಳ್ತಾ ಇದೀನಿ. ಇನ್ನೆರಡು ದಿನ ಬುಡಿ, ನಾನೇ ಮುಚ್ತೀನಿ."

ಮಾತು ಬೆಳೆಯುತ್ತಿದ್ದಂತೆ ಜನರ ಹಿಂದಿನಿಂದ ಒಬ್ಬ ಹೆಂಗಸು ಬೇಲಿ ದಾಟಿ ಒಳಗೆ ಬಂದಳು. ನಂಜಪ್ಪನವರ ಸೊಸೆ, ಪಾಲಾಕ್ಷನ ತಾಯಿ ಮಾಯಮ್ಮ. ಮಾವನ ಎದುರು ತಲೆಯೆತ್ತಿ ಮಾತಾಡಿದವಳಲ್ಲ. ಹಿಂದಿನ ವರ್ಷ ಅವಳ ಎಳೆಮಗು ತೀರಿಕೊಂಡಿತ್ತು. ಆಮೇಲೆ ಅವಳು ಆ ಮಗುವಿನ ಹೆಸರೆತ್ತಿದ್ದನ್ನು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಅವಳು ಗುಂಡಿಯ ದಂಡೆಯಲ್ಲಿ ಕುಕ್ಕರಗಾಲಲ್ಲಿ ಕುಳಿತು ಸೆರಗನ್ನು ಬಾಯಿಗಿಟ್ಟುಕೊಂಡು ನೋಡಿದಳು.

"ಆ ಬಟ್ಟಲು ಯಾಕೆ ತಲೆತಾವ ಇಕ್ಕವ್ರೆ, ಮೇಷ್ಟ್ರೇ?"

"ಊಟಕ್ಕೆ ಇಕ್ಕಿರಬೇಕು ಕಣಮ್ಮ. ದಾರೀಲಿ ಹಸಿವಾದ್ರೆ ಅಂತ."

"ಯಾವ ಕಾಲದ ಮಗ?"

"ಎರಡು ಸಾವಿರ ವರ್ಷ ಇರಬೌದು. ಇನ್ನೂ ಹಿಂದಿಂದೂ ಇರಬೌದು."

ಮಾಯಮ್ಮನಿಗೆ ಎರಡು ಸಾವಿರ ಎಂಬುದು ಎಷ್ಟೆಂದು ಲೆಕ್ಕಕ್ಕೆ ಸಿಗಲಿಲ್ಲ. ಅವಳು ಮತ್ತೆ ಬಟ್ಟಲನ್ನು ನೋಡಿದಳು.

"ನಾನೂ ನಮ್ ಮಗೀಗೆ ಬಟ್ಟಲಲ್ಲಿ ಆಲು ಇಕ್ಕಿ ಕಳಿಸಿದ್ದೆ," ಎಂದಳು.

ಅವಳು ಅಳುತ್ತಿರಲಿಲ್ಲ. ಎಷ್ಟೋ ದೂರದ ಊರಿನಿಂದ ಬಂದ ನೆಂಟರನ್ನು ಗುರುತು ಹಿಡಿಯುತ್ತಿರುವವಳ ಹಾಗೆ ಕಣ್ಣು ಕಿರಿದು ಮಾಡಿ ಕುಳಿತಿದ್ದಳು. ಸ್ವಲ್ಪ ಹೊತ್ತಿಗೆ ಬೇರೆ ಹೆಂಗಸರೂ ಬಂದು ಅವಳ ಪಕ್ಕದಲ್ಲಿ ಕುಳಿತರು. ಯಾವ ಜಾತಿಯವರು ಯಾರ ಪಕ್ಕದಲ್ಲಿ ಕುಳಿತರೆಂದು ಆ ಹೊತ್ತಿನಲ್ಲಿ ಯಾರೂ ನೋಡಲಿಲ್ಲ. ಕೊನೆಗೆ ನಂಜಪ್ಪನವರೂ ಬೇಲಿ ದಾಟಿದರು. ಕೋಲೂರಿ ಬಗ್ಗಿ ಬಹಳ ಹೊತ್ತು ನೋಡಿ ಮನೆಗೆ ಹೋದರು. ಸಂಜೆಗೆ ಅವರ ತೋಟದಿಂದ ಒಂದು ಗಾಡಿ ತುಂಬ ತೆಂಗಿನ ಗರಿ ಬಂತು. ಗುಂಡಿಯ ಮೇಲೆ ಚಪ್ಪರ ಹಾಕಿಸಲು ಆಳುಗಳೂ ಬಂದರು. ಆ ರಾತ್ರಿ ಸುರಿದ ಮಳೆಯಲ್ಲಿ ಒಂದು ಹನಿಯೂ ಒಳಗಿಳಿಯಲಿಲ್ಲ.

ಮೈಸೂರಿನ ಅಧಿಕಾರಿ ಬಂದದ್ದು ಆ ವಾರದ ಕೊನೆಗೆ. ಮಕ್ಕಳು ಬರೆದ ಚಿತ್ರಗಳನ್ನೆಲ್ಲ ತರಿಸಿ ಗುಂಡಿಯ ಜೊತೆ ಹೋಲಿಸಿ ನೋಡಿದರು. ಸಣ್ಣಕ್ಕನ ಚಿತ್ರದಲ್ಲಿ ಮಣಿಗಳು ಬಿದ್ದ ಸಾಲೂ ತಪ್ಪಿರಲಿಲ್ಲ. ಇದು ಕಬ್ಬಿಣ ಬಳಕೆಗೆ ಬಂದ ಕಾಲದ ಸಮಾಧಿ, ಆ ದಿಬ್ಬದಲ್ಲಿ ಇಂಥವು ಇನ್ನೂ ಇರಬಹುದು, ಸುತ್ತ ಇದ್ದ ಉರುಟುಗಲ್ಲುಗಳು ಊರಿನ ಜಗಲಿಗಳ ಬುನಾದಿಗೆ ಹೋಗಿರಬಹುದು ಎಂದರು. ಊರಿನವರು ಮನೆಗೆ ಹೋಗಿ ತಮ್ಮ ಜಗಲಿಯ ಕಲ್ಲುಗಳನ್ನು ಹೊಸದಾಗಿ ನೋಡಿದರು. ಮೂಳೆಗಳು ತೀರ ಶಿಥಿಲವಾಗಿದ್ದವು. ಎತ್ತಿದರೆ ಪುಡಿಯಾಗುವಂತಿದ್ದುದರಿಂದ ಫೋಟೋ ತೆಗೆದು, ಬಟ್ಟಲು, ಮಣಿ ಮತ್ತು ಒಂದಿಷ್ಟು ಚೂರುಗಳನ್ನು ಮಾತ್ರ ಒಯ್ಯುವುದು, ಉಳಿದದ್ದನ್ನು ಮರಳು ತುಂಬಿ ಇದ್ದಲ್ಲೇ ಮುಚ್ಚುವುದು ಎಂದು ತೀರ್ಮಾನವಾಯಿತು.

ಬಟ್ಟಲು ಒಯ್ಯುತ್ತಾರೆಂದು ಕೇಳಿದ ಸಣ್ಣಕ್ಕ ತನ್ನಪ್ಪನ ಬಳಿ ಕುಳಿತು ಅದೇ ಅಳತೆಯದೊಂದು ಬಟ್ಟಲು ಮಾಡಿ ಸುಟ್ಟು ತಂದಳು. ಅಂಚು ಕಪ್ಪಾಗಲಿಲ್ಲ. ಒಳಗೆ ಕಪ್ಪು, ಹೊರಗೆ ಕೆಂಪು ಬರುವಂತೆ ಸುಡುವುದು ಹೇಗೆಂದು ಅವರಪ್ಪನಿಗೂ ತಿಳಿಯಲಿಲ್ಲ. ಅಧಿಕಾರಿ ಹೇಳಿದಂತೆ ಬೋರಲು ಹಾಕಿ ಸುಟ್ಟು ನೋಡಿದರೂ ಆಗಲಿಲ್ಲ. ಆ ಮಡಕೆ ಮಾಡಿದವರು ದೊಡ್ಡವರು ಎಂದು ಹೇಳಿ ಆ ಕುಂಬಾರ ತಾನು ಮಾಡಿದ್ದನ್ನೇ ಕೊಟ್ಟ. ಮುಚ್ಚುವ ಮುನ್ನ ಮಾಯಮ್ಮ ಅದರಲ್ಲಿ ಹಾಲು ತುಂಬಿ ಮಗುವಿನ ತಲೆಯ ಬಳಿ ಇಟ್ಟಳು.

ಮುಚ್ಚುವ ದಿನ ಚೆನ್ನಯ್ಯ ಮೇಷ್ಟ್ರು ಅರಕಲಗೂಡಿನ ಕಡೆಯಿಂದ ಅಪ್ಪನನ್ನು ಕರೆಸಿದ್ದರು. ದ್ಯಾವಯ್ಯನಿಗೆ ಆಗ ಕಣ್ಣು ಮಂಜಾಗಿತ್ತು. ಮಗನ ಕೈ ಹಿಡಿದು ಗುಂಡಿಗೆ ಇಳಿದು, ಗುಡಾಣದ ಬೆನ್ನನ್ನು, ಅದರ ಕೆಳಗೆ ಒತ್ತುಗೊಟ್ಟ ಸಣ್ಣ ಕಲ್ಲುಗಳನ್ನು ಸವರಿ ನೋಡಿದ. ಗುಡಾಣ ಅಲುಗದ ಹಾಗೆ ಯಾರೋ ಎರಡೂ ಬದಿಗೆ ಕಲ್ಲಿಟ್ಟಿದ್ದರು. ಅಲ್ಲಿಯವರೆಗೆ ಅದನ್ನು ಯಾರೂ ಗಮನಿಸಿರಲಿಲ್ಲ.

"ಚೆಂದಾಗಿ ಮಲಗ್ಸವ್ರೆ ಕಣ್ ಮಗಾ," ಎಂದ. "ನನ್ ಕೈಲೂ ಇಂಗೆ ಆಗ್ತಿರ್ಲಿಲ್ಲ."

ಮರಳು ಹಾಕಿದ ಮೇಲೆ ಮಕ್ಕಳು ಒಬ್ಬೊಬ್ಬರಾಗಿ ಹಿಡಿಮಣ್ಣು ಕೊಟ್ಟರು. ಯಾರೂ ಹೇಳಿಕೊಟ್ಟದ್ದಲ್ಲ, ಊರಿನಲ್ಲಿ ಸತ್ತವರಿಗೆಲ್ಲ ಹಾಗೆಯೇ ಕೊಡುವುದು. ಆಮೇಲೆ ಹೆಂಗಸರು ಕೊಟ್ಟರು, ನಂಜಪ್ಪನವರು ಕೊಟ್ಟರು. ಆ ಮೂಲೆಯಲ್ಲಿ ಕಟ್ಟಬೇಕೆಂದಿದ್ದ ಹೊಸ ಕೊಠಡಿಯನ್ನು ಶಾಲೆಯ ಮುಂಭಾಗಕ್ಕೆ ಸರಿಸಿದರು. ಮೇಷ್ಟ್ರಿಗೆಂದಿಟ್ಟ ಬೇರೆ ಹೂಜಿ ಮಾತ್ರ ಮುಂದಿನ ಯುಗಾದಿಯವರೆಗೂ ಅಲ್ಲೇ ಇತ್ತು. ಒಂದು ದಿನ ಅದು ಒಡೆಯಿತು, ಬೇರೆಯದು ಬರಲಿಲ್ಲ. ಮೇಷ್ಟ್ರು ಮಕ್ಕಳ ಹಂಡೆಯಿಂದಲೇ ಕುಡಿಯತೊಡಗಿದರು.

ಅರವತ್ತರ ದಶಕದಲ್ಲಿ ಬೋಕಿ ಮೇಷ್ಟ್ರಿಗೆ ಬೇರೆ ಊರುಗಳಿಂದ ಕರೆ ಬರತೊಡಗಿತು. ಬೋಕಿ ತುಂಬಿದ ಗೋಣಿಚೀಲವನ್ನು ಬಸ್ಸಿನ ಮೇಲೆ ಹಾಕಿಕೊಂಡು ಚನ್ನರಾಯಪಟ್ಟಣಕ್ಕೆ, ಅರಕಲಗೂಡಿಗೆ, ಹಾಸನಕ್ಕೆ ಹೋಗಿ ಶಾಲೆಗಳಲ್ಲಿ ಶಿಬಿರ ಮಾಡಿದರು. ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ಮಂಡಿಯವರ ಮಕ್ಕಳು ನಾರಿನಿಂದ ಎಂಥ ಒಳ್ಳೆಯ ಬ್ರಷ್ಷು ಕಟ್ಟಿಕೊಟ್ಟರೆಂದರೆ, ಅಲ್ಲಿಂದಾಚೆ ಅವರು ಬೇರೆ ಬ್ರಷ್ಷು ಮುಟ್ಟಲಿಲ್ಲ. ಸಣ್ಣಕ್ಕ ಹಾಸನದಲ್ಲಿ ಟ್ರೈನಿಂಗ್ ಮುಗಿಸಿ ಮೇಡಮ್ಮಾಗಿ, ಬೇಸಿಗೆಗಳಲ್ಲಿ ಅವರ ಜೊತೆ ಬರುತ್ತಿದ್ದಳು. ಮಣ್ಣಿನ ಪದರಗಳನ್ನು ಅವರಿಗಿಂತ ಚೆನ್ನಾಗಿ ವಿವರಿಸುತ್ತಾಳೆ ಎಂದು ಮೇಷ್ಟ್ರೇ ಹೇಳಿಕೊಂಡು ತಿರುಗುತ್ತಿದ್ದರು.

ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟಿನ ಕೆಲಸ ಶುರುವಾದ ಮೇಲೆ ಒಂದು ಭಾನುವಾರ ಮೇಷ್ಟ್ರೂ ಸಣ್ಣಕ್ಕನೂ ಮಕ್ಕಳ ಒಂದು ಗುಂಪನ್ನು ಅಲ್ಲಿಗೆ ಕರೆದೊಯ್ದರು. ಬುನಾದಿಗಾಗಿ ನದಿಯ ದಂಡೆಯನ್ನು ಕಡಿದಿದ್ದರು. ತೆಂಗಿನ ಮರದಷ್ಟು ಎತ್ತರದ ಮಣ್ಣಿನ ಗೋಡೆ ಎದುರಿಗೆ ನಿಂತಿತ್ತು. ಮೇಲೆ ಬೇರು ಇಳಿಬಿಟ್ಟ ಕಪ್ಪು ಮಣ್ಣು, ಅದರ ಕೆಳಗೆ ಕೆಂಪು, ಅದರ ಕೆಳಗೆ ನದಿ ಎಂದೋ ತಂದು ಸುರಿದ ಉರುಟುಗಲ್ಲಿನ ಪಟ್ಟೆ, ಮತ್ತೆ ಜೇಡಿ, ಮತ್ತೆ ಮರಳು, ಎಲ್ಲಕ್ಕಿಂತ ಕೆಳಗೆ ಒದ್ದೆಯಾಗಿ ಮಿನುಗುವ ಬಂಡೆ. ಮನುಷ್ಯರು ಬಿಟ್ಟುಹೋದದ್ದು ಮೇಲಿನ ಒಂದು ಗೇಣಿನಲ್ಲಿ ಮುಗಿದಿತ್ತು. ಮೇಷ್ಟ್ರು ವಿವರಿಸುವುದನ್ನು ಬಿಟ್ಟು, ದೊಡ್ಡವರ ಎದುರು ನಿಂತವರ ಹಾಗೆ, ಹೆಗಲ ಮೇಲಿನ ಟವಲನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡರು. ಮಕ್ಕಳು ಯಾರೂ ಹೇಳದೆ ತಾವಾಗಿಯೇ ಮರಳಿನ ಮೇಲೆ ಕುಳಿತು ತಲೆಯೆತ್ತಿ ನೋಡತೊಡಗಿದರು. ಹಿಂದುಗಡೆ ನದಿ ಹರಿಯುತ್ತಿತ್ತು.